ಅರುವತ್ತಡಿ ದೋಟಿಗೆ ಫಲಾನುಭವಿ ನಾನು

ನಾನೊಬ್ಬಳು ಕೃಷಿಕಳು ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಅದೂ ಪೇಟೆಯ ಒಂದು ಕಚೇರಿಯ ಮೇಜಿನ ಮುಂದೆ. ಅಲ್ಲಿಯವರೆಗೆ ನಾನು ನನ್ನನ್ನು ಅಡುಗೆಮನೆ, ದನದ ಹಟ್ಟಿ, ಅಂಗಳ ಈ ಮೂರರ ನಡುವೆ ಓಡಾಡುವ ಹೆಂಗಸು ಎಂದೇ ತಿಳಿದಿದ್ದೆ. ಮೇಜಿನ ಆಚೆ ಕೂತ ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ಜಾನಕಿ ಅಂದ್ರೆ ನೀವಾ? ಫಲಾನುಭವಿ ನೀವೇ ಅಲ್ಲವಾ?" ಎಂದು ಕೇಳಿದಾಗ, ಅವರು ಇನ್ಯಾರನ್ನೋ ಕೇಳುತ್ತಿದ್ದಾರೆಂದು ಹಿಂತಿರುಗಿ ನೋಡಿದೆ. ಹಿಂದೆ ಇವರು ನಿಂತಿದ್ದರು. ಇವರೆಂದರೆ ನನ್ನ ಯಜಮಾನರು. ಗಂಡನ ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಯಾರ ಆಯುಸ್ಸು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹಾಗಾಗಿ ಇದು ಮುಗಿಯುವ ತನಕ ಇವರು ಇವರೇ. ಅವತ್ತು ಇವರು ಹಿಂದಿನಿಂದ ನನ್ನ ಬೆನ್ನಿಗೆ ಮೆಲ್ಲನೆ ತಿವಿದು, "ಹೌದು ಅಂತ ಹೇಳು" ಎಂದರು. ನಾನು ಹೌದು ಎಂದೆ. "ತೋಟದಲ್ಲಿ ಎಷ್ಟು ಅಡಿಕೆ ಮರ ಉಂಟಮ್ಮ?" ಎಂದು ಮೇಡಂ ಕೇಳಿದರು. ನಾನು ಮತ್ತೆ ಹಿಂದೆ ನೋಡಿದೆ. ಮೇಡಂ ನಕ್ಕು, ಉತ್ತರವನ್ನು ನನ್ನ ಹಿಂದಿನವರಿಂದಲೇ ಬರೆದುಕೊಂಡರು.

ಜಾಗ ನನ್ನ ಹೆಸರಿಗೆ ಬಂದದ್ದು ಹೇಗೆಂದು ಹೇಳಬೇಕು. ಇವರಿಗೂ ಇವರ ಅಣ್ಣನಿಗೂ ಪಾಲಾದಾಗ ಇವರು ತಮ್ಮ ಪಾಲನ್ನು ನೇರ ನನ್ನ ಹೆಸರಿಗೆ ಮಾಡಿಸಿದರು. ನನಗೆ ಕಣ್ಣಲ್ಲಿ ನೀರು ಬಂತು. ಯಾವ ಗಂಡ ಹೀಗೆ ಮಾಡುತ್ತಾನೆ? ಅವತ್ತು ಅಕ್ಕಿ, ಬೆಲ್ಲ, ತೆಂಗಿನಹಾಲು ಕಾಸಿ ಹಾಲುಬಾಯಿ ಮಾಡಿ, ತುಪ್ಪ ಹಾಕಿ ತಟ್ಟೆಯಲ್ಲಿಟ್ಟು ಕೊಟ್ಟೆ. ಆಮೇಲೂ ಒಂದು ವರ್ಷ, ನೆನಪಾದಾಗಲೆಲ್ಲ ಹಾಲುಬಾಯಿ ಮಾಡುತ್ತಿದ್ದೆ. ಕೊನೆಗೊಂದು ದಿನ ಬಸ್ಸಿಗೆ ಕಾಯುತ್ತಾ ಚಾದಂಗಡಿಯ ಬದಿಯಲ್ಲಿ ನಿಂತಿದ್ದಾಗ, ಒಳಗೆ ಕೂತ ಇವರು ಯಾರಿಗೋ ಉಪದೇಶ ಮಾಡುತ್ತಿರುವುದು ಕೇಳಿಸಿತು. "ಜಾಗ ಹೆಂಡತಿ ಹೆಸರಿಗೆ ಮಾಡಿಸಿ ಮಾರಾಯ್ರೆ. ಹೆಂಗಸರ ಹೆಸರಲ್ಲಿದ್ರೆ ಸಬ್ಸಿಡಿ ಬೇಗ ಬರ್ತದೆ." ಆವತ್ತಿನಿಂದ ನಮ್ಮ ಮನೆಯಲ್ಲಿ ಹಾಲುಬಾಯಿ ಹಬ್ಬಕ್ಕೆ ಮಾತ್ರ.

ಅಂತೂ ಅಲ್ಲಿಂದ ನನ್ನ ಕೃಷಿ ಜೀವನ ಶುರುವಾಯಿತು. ಪಂಪು ನನ್ನ ಹೆಸರಲ್ಲಿ ಬಂತು, ಪೈಪು ಬಂತು, ಹುಲ್ಲು ಕೊಚ್ಚುವ ಯಂತ್ರ ಬಂತು, ಗೊಬ್ಬರದ ಗುಂಡಿಯೂ ನನ್ನ ಹೆಸರಲ್ಲೇ ಆಯಿತು. ಅದರ ಗೋಡೆಯಲ್ಲಿ ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ನಮ್ಮ ಮನೆಗೆ ಮೊದಲ ಸಲ ಬಂದ ನೆಂಟರು ಅಂಗಳಕ್ಕೆ ಕಾಲಿಡುವ ಮೊದಲೇ ಸೆಗಣಿ ಗುಂಡಿಯ ಮೇಲೆ ನನ್ನ ಹೆಸರು ಓದುತ್ತಾರೆ. ಇವರ ಹೆಸರು ಮಾತ್ರ ಗೇಟಿನ ಬಳಿಯ ಹಿತ್ತಾಳೆ ಫಲಕದಲ್ಲಿದೆ, ಅದಕ್ಕೆ ಸಬ್ಸಿಡಿ ಇಲ್ಲ.

ಇಷ್ಟಾದರೂ ಯಾವ ಸಬ್ಸಿಡಿಯ ಮೇಲೂ ನನಗೆ ಆಸೆ ಹುಟ್ಟಿರಲಿಲ್ಲ. ಹುಟ್ಟಿದ್ದು ಒಂದರ ಮೇಲೆ, ದೋಟಿಯ ಮೇಲೆ. ದೋಟಿ ಅಂದರೆ ಉದ್ದದ ಕೋಲು, ತುದಿಯಲ್ಲೊಂದು ಕತ್ತಿ. ನಮ್ಮ ಕಾಲದಲ್ಲಿ ಬಿದಿರಿನ ದೋಟಿಯಲ್ಲಿ ಮಾವಿನಕಾಯಿ, ಪೇರಳೆ ಕೊಯ್ಯುತ್ತಿದ್ದೆವು. ಈಗ ಬಂದದ್ದು ಕಾರ್ಬನ್ ಫೈಬರ್ ದೋಟಿ. ಒಂದರೊಳಗೊಂದು ಸೇರಿಕೊಂಡ ಕೊಳವೆಗಳನ್ನು ಎಳೆಯುತ್ತಾ ಹೋದರೆ ಅರುವತ್ತು ಅಡಿ ಉದ್ದವಾಗುತ್ತದೆ. ನೆಲದಲ್ಲೇ ನಿಂತು ಅಡಿಕೆಯ ಗೊನೆ ಇಳಿಸಬಹುದು, ಮಳೆಗಾಲಕ್ಕೆ ಮೊದಲು ಕೊಳೆರೋಗದ ಮದ್ದನ್ನೂ ಬಿಡಬಹುದು, ಮರ ಹತ್ತಬೇಕಾಗಿಲ್ಲ. ನನ್ನ ಆಸೆಗೆ ಕಾರಣ ಆ ಕೊನೆಯ ಮಾತು.

ನಮ್ಮಲ್ಲಿ ಮರ ಹತ್ತುವವರು ಸಿಗುವುದಿಲ್ಲ. ಇದ್ದ ಒಬ್ಬರು ಕೊಲ್ಲಮೊಗ್ರು ಕಡೆಯಿಂದ ಬರುವವರು. ಅವರನ್ನು ಹಿಡಿಯಲು ಫೋನು ಮಾಡಿ, ಮನೆಗೆ ಹೋಗಿ, ಅವರ ಮೊಮ್ಮಗಳ ಮದುವೆಗೆ ಉಡುಗೊರೆ ಕೊಟ್ಟು, ಇಷ್ಟೆಲ್ಲ ಮಾಡಿದ ಮೇಲೂ "ನಾಡಿದ್ದು ಬರ್ತೇನೆ" ಎಂಬ ಮಾತು ಮಾತ್ರ ಸಿಗುತ್ತಿತ್ತು. ಹೋದ ವರ್ಷ ಇವರಿಗೆ ಸಿಟ್ಟು ಬಂದು, ಐವತ್ತೆಂಟನೆಯ ವಯಸ್ಸಿನಲ್ಲಿ ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ತಾವೇ ಹತ್ತಿದರು. ನಾನು ಕೆಳಗೆ ನಿಂತಿದ್ದೆ. ಯಾಕೆ ನಿಂತಿದ್ದೆನೋ, ಬಿದ್ದರೆ ನಾನೇನು ಹಿಡಿಯುವುದಕ್ಕಿತ್ತೇ? ಅರ್ಧ ಮರದವರೆಗೆ ಹೋದವರು ಅಲ್ಲಿಂದ ಸರ್ರನೆ ಜಾರಿ ಬಂದರು. ಎದೆಯ ಚರ್ಮ, ಮೊಣಕೈ, ಮೊಣಕಾಲು ಎಲ್ಲ ಕೆಂಪು. "ಜಾರಿದ್ದಲ್ಲ, ಇಳಿದದ್ದು" ಎಂದರು. ನಾನು ಅರಿಶಿನ ಅರೆಯಲು ಒಳಗೆ ಹೋದೆ. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಮೂವತ್ತು ವರ್ಷ ಜಗಳ ಮಾಡಿಕೊಂಡೇ ಬಂದ ಮನುಷ್ಯ ಇಲ್ಲದೆ ನಾನು ಯಾರ ಜೊತೆ ಜಗಳ ಮಾಡಲಿ? ಮರುದಿನವೇ ದೋಟಿ ತರಬೇಕೆಂದು ಹಟ ಹಿಡಿದೆ.

ಇವರು ಸುಲಭದಲ್ಲಿ ಒಪ್ಪಲಿಲ್ಲ. ಪುತ್ತೂರಿನ ಅಂಗಡಿಯಲ್ಲಿ ಅದರ ಬೆಲೆ ಕೇಳಿ, "ಒಂದು ಕೋಲಿಗೆ ಇಷ್ಟಾ? ಇದರಲ್ಲಿ ದನ ತಗೊಳ್ಬಹುದು" ಎಂದರು. ದನ ಅಡಿಕೆ ಕೊಯ್ಯುತ್ತದೆಯೇ ಎಂದು ನಾನು ಕೇಳಿದೆ. ಕೊನೆಗೆ ಒಂದು ಒಪ್ಪಂದವಾಯಿತು. ಅರ್ಜಿ ಹಾಕುವುದು, ದೋಟಿ ತರುವುದು, ಸಬ್ಸಿಡಿ ಮಂಜೂರಾದರೆ ಇಟ್ಟುಕೊಳ್ಳುವುದು. ಮಾರ್ಚ್ ಕೊನೆಯೊಳಗೆ ಮಂಜೂರಾಗದಿದ್ದರೆ ವಾಪಸು ಕೊಡುವುದು. ಗೀರು ಬೀಳದಿದ್ದರೆ ವಾಪಸು ತೆಗೆದುಕೊಳ್ಳುತ್ತೇನೆಂದು ಅಂಗಡಿಯವರೂ ಒಪ್ಪಿದರು. "ವಾಪಸು ಕೊಟ್ರೆ ಮತ್ತೆ ಅಡಿಕೆ ಕೊಯ್ಯುದು ಯಾರು?" ಎಂದು ಕೇಳಿದೆ. "ನಾನುಂಟಲ್ಲ" ಎಂದರು ಇವರು. ಆ ಮಾತು ಕೇಳಿದ ಮೇಲೆ ನನ್ನ ಕೃಷಿ ಜೀವನದಲ್ಲಿ ಮೊದಲ ಸಲ ಅರ್ಜಿಯನ್ನು ನಾನೇ ಓದಿ ಸಹಿ ಹಾಕಿದೆ.

ಅರ್ಜಿ ಸರಿಯಾಗಿತ್ತು. ಆರ್‌ಟಿಸಿ, ಆಧಾರ್, ಬ್ಯಾಂಕ್ ಪುಸ್ತಕ ಎಲ್ಲವೂ ಸರಿಯಾಗಿತ್ತು. ಉಳಿದದ್ದು ಒಂದು ಫೋಟೋ ಮಾತ್ರ. ಕಚೇರಿಯ ಮೇಡಂ ಫೋನಿನಲ್ಲಿ ವಿವರಿಸಿದರು. "ನೋಡಿ ಅಮ್ಮ, ಫೋಟೋದಲ್ಲಿ ದೋಟಿ ಪೂರ್ತಿ ಕಾಣ್ಬೇಕು. ಅರ್ಧ ಕಂಡ್ರೆ ಆಗುದಿಲ್ಲ. ಅದನ್ನು ನೀವೇ ಹಿಡ್ಕೊಂಡಿರ್ಬೇಕು, ನಿಮ್ಮ ಮುಖ ಕಾಣ್ಬೇಕು. ಮತ್ತೆ ಮೊಬೈಲಿನಲ್ಲಿ ಜಾಗದ ಗುರುತು ಆನ್ ಇರ್ಬೇಕು, ಫೋಟೋ ನಿಮ್ಮ ಸರ್ವೆ ನಂಬ್ರದೊಳಗೇ ತೆಗೆದದ್ದು ಅಂತ ನಮಗೆ ಗೊತ್ತಾಗ್ಬೇಕು." ಕೇಳುವಾಗ ಮೂರು ಸಣ್ಣ ಮಾತು. ಆದರೆ ಅರುವತ್ತಡಿಯ ಕೋಲು ಮತ್ತು ಐದಡಿಯ ನನ್ನನ್ನು ಒಂದೇ ಫೋಟೋದೊಳಗೆ ಕೂಡಿಸುವುದು ಎಷ್ಟು ಕಷ್ಟವೆಂದು, ಆ ನಿಯಮ ಮಾಡಿದವರು ಬಹುಶಃ ಆಲೋಚಿಸಿರಲಾರರು. ಅವರು ಪೇರಳೆ ಕೊಯ್ಯುವ ದೋಟಿಯನ್ನು ನೆನಪಿಸಿಕೊಂಡಿರಬೇಕು.

ಮೊದಲ ದಿನ ಇವರು ಬುದ್ಧಿ ಉಪಯೋಗಿಸಿದರು. "ನಿಲ್ಲಿಸಿದ್ರೆ ಅಲ್ಲವಾ ರಗಳೆ? ಮಲಗಿಸುವ." ದೋಟಿಯನ್ನು ಪೂರ್ತಿ ಎಳೆದು ಅಂಗಳದಲ್ಲಿ ಉದ್ದಕ್ಕೆ ಮಲಗಿಸಿದೆವು. ಅಂಗಳ ಸಾಲಲಿಲ್ಲ. ಬುಡ ತುಳಸಿಕಟ್ಟೆಯ ಆಚೆ ಹೋಯಿತು, ತುದಿ ಹಟ್ಟಿಯೊಳಗೆ ಹೊಕ್ಕಿತು. ದನ ಅದನ್ನು ನೆಕ್ಕಿ ನೋಡಿತು. ಮಧ್ಯದಲ್ಲಿ ನಾನು ಚಕ್ಕಳಮಕ್ಕಳ ಕೂತು, ಒಂದು ಕೈ ಕೋಲಿನ ಮೇಲಿಟ್ಟು, ಮದುವೆಯಲ್ಲಿ ನಕ್ಕಂತೆ ನಕ್ಕೆ. ಇವರು ಮನೆಯ ಹಂಚಿನ ಮಾಡಿನ ಮೇಲೆ ಹತ್ತಿ ಫೋಟೋ ತೆಗೆದರು. ಮರ ಹತ್ತಬಾರದೆಂದು ತಂದ ದೋಟಿಗಾಗಿ ಇವರನ್ನು ಮಾಡು ಹತ್ತಿಸಿದ್ದು ನನಗೆ ಹೊಳೆದದ್ದು ಆಮೇಲೆ. ಮೇಡಂ ಸಂಜೆಯೇ ಫೋನು ಮಾಡಿದರು. "ಅಮ್ಮ, ನೀವು ಕಳಿಸಿದ್ದು ನೀರಿನ ಪೈಪಿನ ಫೋಟೋ. ದೋಟಿದು ಕಳಿಸಿ." ಅದು ದೋಟಿಯೇ ಎಂದು ನಾನು ಹೇಳಿದೆ. "ಹೌದಾ? ಹಾಗಾದ್ರೆ ಆ ದನ ಎಂತ ಮಾಡ್ತಾ ಉಂಟು?" ಎಂದು ಕೇಳಿದರು.

ಎರಡನೆಯ ಸಲ ದೋಟಿಯನ್ನು ನೆಟ್ಟಗೆ ನಿಲ್ಲಿಸಿದೆವು. ಮರಗಳ ನಡುವೆ ನಿಲ್ಲಿಸಿದರೆ ತುದಿ ಸೋಗೆಯೊಳಗೆ ಮಾಯವಾಗುತ್ತದೆ, ಆಕಾಶ ಕಾಣುವುದು ಅಂಗಳದಲ್ಲಿ ಮಾತ್ರ. ನಾನು ಅಂಗಳದ ನಡುವೆ ದೋಟಿ ಹಿಡಿದು ನಿಂತೆ. ಇವರು ಮೊಬೈಲು ಹಿಡಿದು ಹಿಂದೆ ಹೋದರು. ನನ್ನ ಮುಖ ಬಂದರೆ ತುದಿ ಬರುವುದಿಲ್ಲ, ತುದಿ ಬಂದರೆ ಮುಖ ಬರುವುದಿಲ್ಲ. ಇನ್ನೂ ಹಿಂದೆ ಹೋದರು. ಅಂಗಳ ಮುಗಿಯಿತು. ಅಲ್ಲಿ ಅಗಳು, ಅಂದರೆ ಎರಡು ಪಾಲಿನ ನಡುವೆ ಗಡಿಗೆಂದು ತೋಡಿದ ಆಳದ ಚರಂಡಿ. ಅದರ ಮೇಲೊಂದು ದಾಟಲು ಹಾಕಿದ ಹಳೆಯ ಅಡಿಕೆ ಮರದ ಸಂಕ. ಸಂಕದ ಆಚೆ ಇವರ ಅಣ್ಣನ, ಅಂದರೆ ನನ್ನ ಭಾವನ ಜಾಗ. ಇವರು ಸಂಕದ ಮೇಲೆ ಒಂದು ಕಾಲಿಟ್ಟು ಅನುಮಾನಿಸಿದರು. ಯಾಕೆಂದರೆ ಅಣ್ಣತಮ್ಮ ಮಾತಾಡದೆ ಆರು ವರ್ಷವಾಗಿತ್ತು.

ಆ ಜಗಳದ ಮೂಲ ಒಂದು ಕರಿಮೆಣಸಿನ ಬಳ್ಳಿ. ಅಗಳಿನ ಅಂಚಿನಲ್ಲಿ, ನಮ್ಮ ಬದಿಯಲ್ಲಿ ಒಂದು ಹಲಸಿನ ಮರವಿದೆ. ಮರ ನಮ್ಮದು, ಅದಕ್ಕೆ ಹಬ್ಬಿದ ಬಳ್ಳಿಯ ಬುಡ ಅಗಳಿನ ಆಚೆ. ಪಾಲು ಮಾಡಿದ ಹಿರಿಯರು ಹಟ್ಟಿ, ಬಾವಿ, ಒನಕೆ, ಹಂಡೆ ಎಲ್ಲವನ್ನೂ ಹಂಚಿದರು, ಬಳ್ಳಿಯನ್ನು ಮರೆತರು. "ಬುಡ ನನ್ನದು, ಮೆಣಸು ನನ್ನದು" ಎಂದರು ಭಾವ. "ಮರ ನನ್ನದು, ಮರದಲ್ಲಿದ್ದದ್ದೆಲ್ಲ ನನ್ನದು" ಎಂದರು ಇವರು. ಪಂಚಾತಿಕೆ ಮಾಡಿದವರು ಕಾಪಿ ಕುಡಿದು, ಇಬ್ಬರದ್ದೂ ಸರಿ ಎಂದು ಹೇಳಿ ಹೋದರು. ಆಮೇಲೆ ಸ್ವಾಭಿಮಾನದಿಂದ ಇಬ್ಬರೂ ಬಳ್ಳಿಯ ಕಡೆ ತಲೆಹಾಕಲಿಲ್ಲ. ಆದರೆ ಪ್ರತಿ ವರ್ಷ ಮೆಣಸು ಕಾಣೆಯಾಗುತ್ತಿತ್ತು. "ನೋಡು, ಕಳ್ಳ ಕೊಯ್ದ. ಬಾಯಲ್ಲಿ ಸ್ವಾಭಿಮಾನ, ಕೈಯಲ್ಲಿ ಏಣಿ" ಎಂದು ಇವರು ಹಲ್ಲು ಕಡಿಯುತ್ತಿದ್ದರು. ಆಚೆ ಮನೆಯಲ್ಲಿ ಭಾವನೂ ಇದೇ ಮಾತು ಹೇಳುತ್ತಿದ್ದರಂತೆ. ಹೀಗೆ ಜಗಳಕ್ಕೆ ವರ್ಷಕ್ಕೊಮ್ಮೆ ಗೊಬ್ಬರ ಬೀಳುತ್ತಿತ್ತು. ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಕೊಡುವ ತಂಬಿಲದ ಪೂಜೆಗೆ ಇಬ್ಬರೂ ಒಟ್ಟಿಗೆ ಕೈಮುಗಿಯುತ್ತಿದ್ದರು, ಒಂದೇ ಸಾಲಿನಲ್ಲಿ ಊಟಕ್ಕೆ ಕೂರುತ್ತಿದ್ದರು, ಸಾರು ಬೇಕಾದರೆ ಮಾತ್ರ ನನ್ನ ಮೂಲಕ ಕೇಳುತ್ತಿದ್ದರು. ಸಂಕವನ್ನೂ ತೆಗೆದಿರಲಿಲ್ಲ. ತೆಗೆಯಬೇಕಾದರೆ ಇಬ್ಬರೂ ಒಂದೊಂದು ತುದಿ ಹಿಡಿಯಬೇಕಿತ್ತು, ಹಿಡಿಯಲು ಮಾತಾಡಬೇಕಿತ್ತು.

ಆ ಸಂಕದಿಂದಾಗಿ ನನಗೂ ಭಾವನ ಹೆಂಡತಿ ಚಂದ್ರಾವತಿ ಅಕ್ಕನಿಗೂ ಬಹಳ ಉಪಕಾರವಾಗಿತ್ತು. ಗಂಡಸರ ಜಗಳ ಗಂಡಸರಿಗೆ. ನಾವು ಮಧ್ಯಾಹ್ನ, ಇಬ್ಬರೂ ಮಲಗಿ ಗೊರಕೆ ಹೊಡೆಯುವ ಹೊತ್ತಿಗೆ, ಸಂಕದ ಮೇಲೆ ಕಾಲು ಇಳಿಬಿಟ್ಟು ಕೂತು ಮಾತಾಡುತ್ತಿದ್ದೆವು. ತಂಬಿಲಕ್ಕೆ ನಾವಿಬ್ಬರೂ ಒಂದೇ ಅಂಗಡಿಯ, ಒಂದೇ ಅಂಚಿನ ಸೀರೆ ಉಟ್ಟು ಬಂದಾಗ ಇವರು, "ನಿನಗೆಲ್ಲಿಂದ ಬಂತು ಇದು?" ಎಂದು ಕೇಳಿದ್ದರು. ಉಳಿತಾಯ ಎಂದಿದ್ದೆ.

ಅದಿರಲಿ, ಫೋಟೋದ ವಿಷಯಕ್ಕೆ ಬರುತ್ತೇನೆ. ಇವರು ಆಚೀಚೆ ನೋಡಿ, ಭಾವನ ಬೈಕು ಇಲ್ಲದ್ದನ್ನು ಖಚಿತ ಮಾಡಿಕೊಂಡು ಸಂಕ ದಾಟಿದರು. ಆಚೆ ಬದಿಯಲ್ಲಿ ಭಾವ ಹಳೆಯ ಮರಗಳನ್ನು ಕಡಿದು ಹೊಸ ಸಸಿ ಇಟ್ಟಿದ್ದರು, ಬಯಲು ಜಾಗ. ಅಲ್ಲಿಂದ ತೆಗೆದ ಫೋಟೋ ಅದ್ಭುತವಾಗಿ ಬಂತು. ದೋಟಿಯ ಬುಡದಿಂದ ತುದಿಯವರೆಗೆ ಕಾಣುತ್ತಿತ್ತು, ಬುಡದಲ್ಲಿ ಸಾಸಿವೆಯಷ್ಟು ನನ್ನ ಮುಖವೂ ಇತ್ತು. ದೊಡ್ಡದು ಮಾಡಿ ನೋಡಿದರೆ ನಾನೇ. ನಾವು ಕಳಿಸಿ, ನಿಶ್ಚಿಂತೆಯಿಂದ ಮಲಗಿದೆವು.

ಮರುದಿನ ಮೇಡಂ ಫೋನು. "ಅಮ್ಮ, ಈ ಫೋಟೋ ಬೇರೆ ಸರ್ವೆ ನಂಬ್ರದ್ದು ಅಂತ ತೋರಿಸ್ತಾ ಉಂಟು. ಅದು ನಿಮ್ಮ ಜಾಗ ಅಲ್ಲ. ಮತ್ತೆ, ಆ ನಂಬ್ರಕ್ಕೆ ಹೋದ ವರ್ಷವೇ ಒಂದು ದೋಟಿ ಆಗಿದೆ." ನಾನು ಫೋನನ್ನು ಇವರಿಗೂ ಕೇಳುವಂತೆ ಹಿಡಿದಿದ್ದೆ. ಇವರ ಮುಖ ನೋಡಬೇಕಿತ್ತು. ಯಾಕೆಂದರೆ ಭಾವ ಸೊಸೈಟಿಯ ಜಗಲಿಯಲ್ಲಿ ದೋಟಿಯನ್ನು ಬೈಯುವುದರಲ್ಲಿ ಎತ್ತಿದ ಕೈ. "ಕೋಲು ಹಿಡಿದು ಅಡಿಕೆ ಕೊಯ್ಯುದಂತೆ! ಅದೆಲ್ಲ ಸೋಮಾರಿಗಳಿಗೆ" ಎಂದು ಅವರು ಹೇಳಿದ್ದನ್ನು ಊರೆಲ್ಲ ಕೇಳಿತ್ತು. ಅವರ ತೋಟದಲ್ಲಿ ದೋಟಿ ಕಂಡವರೇ ಇಲ್ಲ. "ಅಣ್ಣನಿಗೆ ದೋಟಿ ಉಂಟಾ?" ಎಂದು ಇವರು ಎರಡು ಸಲ ಹೇಳಿದರು. ಫೋಟೋ ತಿರಸ್ಕಾರವಾದ ದುಃಖವನ್ನು ಆ ಸುದ್ದಿಯ ಸಂತೋಷ ಪೂರ್ತಿ ನುಂಗಿಬಿಟ್ಟಿತ್ತು. ನನಗೆ ಮಾತ್ರ ಕ್ಯಾಲೆಂಡರಿನಲ್ಲಿ ಉಳಿದ ನಾಲ್ಕು ದಿನ ಕಾಣುತ್ತಿತ್ತು, ಕೋಣೆಯ ಮೂಲೆಯಲ್ಲಿ ನೇತುಹಾಕಿದ ತಳೆ ಕಾಣುತ್ತಿತ್ತು.

ಮಧ್ಯಾಹ್ನ ಸಂಕದ ಮೇಲೆ ಅಕ್ಕನನ್ನು ಹಿಡಿದೆ. ಅಕ್ಕ ಮೊದಲು ಸೆರಗು ಬಾಯಿಗಿಟ್ಟು ನಕ್ಕರು, ಆಮೇಲೆ ಬಾಯಿಬಿಟ್ಟರು. "ಯಾರಿಗೂ ಹೇಳ್ಬೇಡ ಮಾರಾಯ್ತಿ. ತಂದ ದಿನವೇ ಕೊಯ್ಯಲಿಕ್ಕೆ ಹೋದ್ರು. ಗೊನೆ ಸೀದಾ ಬಂದು ಸ್ನಾನದ ಮನೆಯ ಹಂಚಿಗೆ ಬಿತ್ತು. ಮತ್ತೆ ಕುತ್ತಿಗೆ ಹಿಡಿದು ಒಂದು ವಾರ ಮೇಲೆಯೇ ನೋಡ್ತಾ ಕೂತಿದ್ರು. ಈಗ ದೋಟಿ ಗೋಣಿ ಸುತ್ತಿ ಅಟ್ಟದಲ್ಲುಂಟು." ಹಾಗಾದರೆ ಅವರ ಫೋಟೋ ಹೇಗೆ ಪಾಸಾಯಿತು ಎಂದು ಕೇಳಿದೆ. ಅವರ ಬಯಲೂ ಅಗಲ ಕಡಿಮೆ, ಹಿಂದೆ ಹೋದರೆ ಅವರೂ ನಮ್ಮ ಅಂಗಳಕ್ಕೇ ಬರಬೇಕು. ಅಕ್ಕ ಮೊಬೈಲು ತೆಗೆದು ಆ ಫೋಟೋ ತೋರಿಸಿದರು. ಭಾವ ದೋಟಿ ಹಿಡಿದು ಗಂಭೀರವಾಗಿ ನಿಂತಿದ್ದಾರೆ. ಅವರ ಹಿಂದೆ ತುಳಸಿಕಟ್ಟೆ. ಎಲ್ಲೋ ನೋಡಿದ ತುಳಸಿಕಟ್ಟೆ. ಅದರ ಬದಿಯಲ್ಲಿ ಒಣಹಾಕಿದ ಒಂದು ನೈಟಿ, ಹಳದಿ ಬಣ್ಣ, ನೀಲಿ ಹೂ. ಅದು ನನ್ನ ನೈಟಿ.

"ನೀವು ಕಡಬಕ್ಕೆ ಮದುವೆಗೆ ಹೋಗಿದ್ರಲ್ಲ, ಅವತ್ತು" ಎಂದರು ಅಕ್ಕ. "ಸರಕಾರ ನೋಡುದು ಮೊಬೈಲು ಎಲ್ಲಿ ಉಂಟು ಅಂತ, ದೋಟಿ ಎಲ್ಲಿ ಉಂಟು ಅಂತ ಅಲ್ಲ. ಅದಕ್ಕೆ ನಾನು ನಮ್ಮ ಜಾಗದಲ್ಲಿ ನಿಂತು ತೆಗೆದೆ, ಅವರು ನಿಮ್ಮ ಅಂಗಳದಲ್ಲಿ ನಿಂತ್ರು." ಒಂದು ವರ್ಷದಿಂದ ನನ್ನ ನೈಟಿ ಸರಕಾರಿ ಕಡತದಲ್ಲಿ ನೇತಾಡುತ್ತಿದೆ, ಭಾವನ ಆಸ್ತಿಯೆಂದು! ನೋಡಿದವರೆಷ್ಟು ಮಂದಿಯೋ, ಮುದ್ರೆ ಒತ್ತಿದವರೆಷ್ಟು ಮಂದಿಯೋ. ಆದರೆ ನಾಚಿಕೆಗಿಂತ ಬೇಗ ನನಗೆ ಬುದ್ಧಿ ಬಂತು. ಭಾವ ನಮ್ಮ ಅಂಗಳದಲ್ಲಿ ನಿಲ್ಲಬಹುದಾದರೆ ನಾನು ಭಾವನ ಬಯಲಿನಲ್ಲಿ ಯಾಕೆ ನಿಲ್ಲಬಾರದು? ಇವರು ನಮ್ಮ ಅಂಗಳದಲ್ಲಿ ನಿಂತು ಮೊಬೈಲು ಒತ್ತಿದರೆ ಆಯಿತು.

ಇವರಿಗೆ ಹೇಳಿದೆ. ನೈಟಿಯ ವಿಷಯ ಕೇಳಿ ಮೊದಲು ಕೂಗಾಡಿದರು, ಆಮೇಲೆ ಉಪಾಯದ ವಿಷಯ ಕೇಳಿ, "ಅವನ ಜಾಗಕ್ಕೆ ನಾನು ಬರುದಿಲ್ಲ" ಎಂದರು. "ನೀವು ಬರುದು ಬೇಡ. ನೀವು ನಮ್ಮ ಜಾಗದಲ್ಲಿ ನಿಲ್ಲಿ. ಹೋಗುದು ನಾನು. ಫಲಾನುಭವಿ ನಾನಲ್ಲವಾ?" ಎಂದೆ. ಇವರು ಕಲಿಸಿದ ಪಾಠವೇ ಅದು.

ಮರುದಿನ ಬೆಳಿಗ್ಗೆ, ಭಾವ ಪೇಟೆಗೆ ಹೊರಡುವುದನ್ನು ಅಕ್ಕ ಮಿಸ್ಡ್ ಕಾಲ್ ಕೊಟ್ಟು ತಿಳಿಸಿದರು. ನಾನು ದೋಟಿ ಹೊತ್ತು ಸಂಕ ದಾಟಿ, ಸಸಿಗಳ ನಡುವೆ ನಿಂತು ಎಳೆಯತೊಡಗಿದೆ. ಇಪ್ಪತ್ತಡಿಯವರೆಗೆ ಅದು ನನ್ನ ಮಾತು ಕೇಳಿತು. ನಲುವತ್ತಕ್ಕೆ ಬಂದಾಗ ಮೇಲೆ ಗಾಳಿ ಉಂಟೆಂದು ಗೊತ್ತಾಯಿತು. ಅರುವತ್ತಕ್ಕೆ ಮುಟ್ಟಿದಾಗ ದೋಟಿ ನನ್ನನ್ನು ಹಿಡಿದುಕೊಂಡಿತ್ತು. ತುದಿ ಎಡಕ್ಕೆ ಬಾಗಿದರೆ ನಾನು ಎಡಕ್ಕೆ ಓಡುತ್ತಿದ್ದೆ, ಬಲಕ್ಕೆ ಬಾಗಿದರೆ ಬಲಕ್ಕೆ. ನೆಟ್ಟು ಮೂರು ತಿಂಗಳಾದ ಸಸಿಗಳು ಕಾಲಡಿಯಲ್ಲಿ. "ಅಲುಗಾಡ್ಬೇಡ!" ಎಂದು ಇವರು ಅಂಗಳದಿಂದ ಕೂಗಿದರು. "ನಾನಲ್ಲ ಅಲುಗಾಡುದು!" ಎಂದು ನಾನು ಕೂಗಿದೆ. ಅಷ್ಟರಲ್ಲಿ ಬೈಕಿನ ಶಬ್ದ. ಭಾವ ಪರ್ಸು ಮರೆತು ವಾಪಸು ಬಂದಿದ್ದರು.

ಅವರು ಕಂಡದ್ದೇನು? ತಮ್ಮ ಎಳೆ ಸಸಿಗಳ ನಡುವೆ ತಮ್ಮನ ಹೆಂಡತಿ ಆಕಾಶದುದ್ದದ ಕೋಲು ಹಿಡಿದು ಕುಣಿಯುತ್ತಿದ್ದಾಳೆ, ಅಗಳಿನ ಆಚೆಯಿಂದ ತಮ್ಮ ಅದರ ಫೋಟೋ ತೆಗೆಯುತ್ತಿದ್ದಾನೆ. ಬೈಕು ಬಿಟ್ಟು ಓಡಿ ಬಂದರು. ಬೈಯಲು ಬಂದರೋ ಎಂದು ನಾನು ಕಣ್ಣು ಮುಚ್ಚಿದೆ. "ಬುಡ ಕಾಲಿನ ಸಂದಿಯಲ್ಲಿ ಒತ್ತಿ ಹಿಡಿ ಜಾನಕಿ! ಮೇಲೆ ನೋಡ್ಬೇಡ, ಕುತ್ತಿಗೆ ಹೋಗ್ತದೆ!" ಎನ್ನುತ್ತಾ ದೋಟಿಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದರು. ಅನುಭವಸ್ಥರ ಮಾತು. ದೋಟಿ ನೆಟ್ಟಗೆ ನಿಂತಿತು. ಆದರೆ ಈಗ ಫೋಟೋದಲ್ಲಿ ನಾನು ಕಾಣುತ್ತಿರಲಿಲ್ಲ, ಭಾವನ ಬೆನ್ನು ಕಾಣುತ್ತಿತ್ತು. ಅಂಗಳದಲ್ಲಿ ಇವರು ಮೊಬೈಲು ಹಿಡಿದು ಬಾಯಿ ತೆರೆದರು, ಮುಚ್ಚಿದರು. ಆರು ವರ್ಷ! ಮತ್ತೆ ತೆರೆದರು. "ಅಣ್ಣಾ, ಸ್ವಲ್ಪ ಈಚೆ ಬಾ. ಅವಳ ಮುಖ ಬರುದಿಲ್ಲ."

ಭಾವ ಮೆಲ್ಲನೆ ಈಚೆಗೆ ಸರಿದು, "ಈಗ ಬರ್ತದಾ?" ಎಂದರು. "ಇನ್ನೂ ಸ್ವಲ್ಪ." "ಈಗ?" "ಹಾ, ಹಾಗೆಯೇ ಇರು." ಅಕ್ಕ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ಅಳು ಬಂತು, ಆದರೆ ಮುಖ ಸರಿಯಾಗಿ ಬರಬೇಕಿತ್ತಲ್ಲ, ತಡೆದುಕೊಂಡೆ. ಮೇಡಂ ಆ ಫೋಟೋ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮ, ಬದಿಯಲ್ಲಿ ದೋಟಿ ಹಿಡಿದದ್ದು ಯಾರು?" ಮನೆಯವರೇ ಎಂದೆ. ಮಾರ್ಚ್ ಮುಗಿಯಲು ಒಂದು ದಿನವಿದ್ದಾಗ ಮಂಜೂರಾದ ಸಂದೇಶ ಬಂತು.

ದೋಟಿ ಉಳಿಯಿತು. ಇವರು ಈಗ ನೆಲದಲ್ಲಿದ್ದಾರೆ, ಎರಡೂ ಕಾಲು ನೆಲದಲ್ಲಿ. ತಳೆಯನ್ನು ನಾನು ಸ್ನಾನದ ನೀರಿನ ಒಲೆಗೆ ಹಾಕಿ ಸುಟ್ಟೆ. ಆ ದಿನ ಕಾರಣ ಹೇಳದೆ ಹಾಲುಬಾಯಿ ಮಾಡಿದೆ. ಭಾವ ಅಟ್ಟದಿಂದ ತಮ್ಮ ದೋಟಿಯನ್ನೂ ಇಳಿಸಿದ್ದಾರೆ. ಅಣ್ಣತಮ್ಮ ಎರಡು ದೋಟಿ ಹಿಡಿದು ಅಗಳಿನ ಆಚೀಚೆ ನಿಂತು, ಆರು ವರ್ಷದ ಮಾತನ್ನೆಲ್ಲ ಒಟ್ಟಿಗೆ ಆಡುತ್ತಾರೆ. ಮಧ್ಯಾಹ್ನವೂ ಮಲಗುವುದಿಲ್ಲ. ಸಂಕದ ಮೇಲೆ ಈಗ ಅವರೇ ಕೂರುತ್ತಾರೆ, ನನಗೂ ಅಕ್ಕನಿಗೂ ಜಾಗವಿಲ್ಲ.

ಎಲ್ಲ ಒಳ್ಳೆಯದೇ ಆಯಿತು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೊನ್ನೆ ಸಂಕದ ಮೇಲೆ ಕೂತವರ ಮಾತು ಆ ಮೆಣಸಿನ ಬಳ್ಳಿಗೆ ಬಂತು. "ನೀನೇ ಕೊಯ್ದುಕೊ ಅಣ್ಣ, ಬುಡ ನಿನ್ನದಲ್ಲವಾ?" ಎಂದರು ಇವರು. "ಬೇಡ, ಇಷ್ಟು ವರ್ಷ ನೀನು ಕೊಯ್ದದ್ದು ಕೊಯ್ದೆ, ಇನ್ನು ಅರ್ಧ ಅರ್ಧ ಮಾಡುವ" ಎಂದರು ಭಾವ. "ನಾನು ಕೊಯ್ದದ್ದಾ? ನೀನಲ್ಲವಾ ಕೊಯ್ದದ್ದು?" ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ಓದುಗರು ನನ್ನ ಬಗ್ಗೆ ಏನೆಂದುಕೊಂಡರೂ ಚಿಂತೆಯಿಲ್ಲ, ಹೇಳಿಬಿಡುತ್ತೇನೆ. ಅಣ್ಣತಮ್ಮ ಅಡಿಕೆ ಮಾರಲು ವರ್ಷಕ್ಕೊಮ್ಮೆ ಒಂದೇ ದಿನ, ಎರಡು ಬೇರೆ ಬೇರೆ ಜೀಪಿನಲ್ಲಿ ಕಡಬಕ್ಕೆ ಹೋಗುತ್ತಿದ್ದರು, ಆ ದಿನ ಏಣಿ ಹಿಡಿಯುತ್ತಿದ್ದದ್ದು ಅಕ್ಕ, ಹತ್ತುತ್ತಿದ್ದದ್ದು ನಾನು. ಅಕ್ಕನ ಮನೆಯ ಮೆಣಸಿನೊಟ್ಟಿಗೆ ಬೆರೆಸಿ ಒಣಗಿಸಿದರೆ ಗುರುತು ಹಿಡಿಯುವವರು ಯಾರು? ಅರ್ಜಿ ಇಲ್ಲದೆ, ಫೋಟೋ ಇಲ್ಲದೆ ವರ್ಷಕ್ಕೊಮ್ಮೆ ಸರಿಯಾಗಿ ಕೈಸೇರುತ್ತಿದ್ದ ಸಬ್ಸಿಡಿ ಅದೊಂದೇ. ಇಬ್ಬರು ಗಂಡಸರು ಮಾತುಬಿಟ್ಟಿರುವ ತನಕ ಮಾತ್ರ ಅದು ಊರ್ಜಿತದಲ್ಲಿರುವುದೆಂದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಒಮ್ಮೊಮ್ಮೆ ಮನಸ್ಸು ಚುಚ್ಚುತ್ತಿತ್ತು. ಆ ದುಡ್ಡಿನ ಸೀರೆ ಉಟ್ಟಾಗ ಕಡಿಮೆಯಾಗುತ್ತಿತ್ತು.

ನಿನ್ನೆ ಸಂಜೆ ಇವರು ಉತ್ಸಾಹದಿಂದ ಒಳಗೆ ಬಂದರು. ಹಿಂದಿನಿಂದ ಭಾವನೂ ಬಂದರು, ಆರು ವರ್ಷದ ಮೇಲೆ ನಮ್ಮ ಹೊಸ್ತಿಲು ದಾಟಿ. ನಾನು ಇಬ್ಬರಿಗೂ ಚಾ ಕೊಟ್ಟೆ. "ಆ ಮೆಣಸಿನ ಕಳ್ಳನನ್ನು ಬಿಡುದಿಲ್ಲ" ಎಂದರು ಭಾವ. "ನಮ್ಮಿಬ್ಬರ ನಡುವೆ ಬೆಂಕಿ ಹಾಕಿದ್ದೇ ಅವನು. ಹಲಸಿನ ಮರಕ್ಕೆ ಒಂದು ಕ್ಯಾಮರಾ ಕೂರಿಸುದು ಅಂತ ಮಾಡಿದ್ದೇವೆ." ಇವರು ಅಂಗಿಯ ಕಿಸೆಯಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು, ಚಾದ ಲೋಟ ಸರಿಸಿ, ನನ್ನ ಮುಂದೆ ಬಿಡಿಸಿಟ್ಟು, ಪೆನ್ನು ಕೊಟ್ಟರು.

"ಕ್ಯಾಮರಾಕ್ಕೂ ಸಬ್ಸಿಡಿ ಉಂಟಂತೆ. ಇಲ್ಲಿ ಒಂದು ಸಹಿ ಹಾಕು, ಫಲಾನುಭವಿ ನೀನೇ."

ನಾನು ಹಾಕಿದೆ.